ನಾಸಿಕ್‌ಗೇ ಹೋಗಬೇಕಾ? ಸೊಲ್ಲಾಪುರದಿಂದ ವೈನ್ ತೋಟದ ಪ್ರವಾಸ: ಊಟ ಎಲ್ಲಿ, ಕುಡಿಯೋದು ಎಲ್ಲಿ?

ಸೊಲ್ಲಾಪುರದ ಸೊಸೆ
ಎಲ್ಲರಿಗೂ ನಮಸ್ಕಾರ. ಈ ಸಲ ಜನವರಿ 26 ಸೋಮವಾರ ಬಂದಿದೆ. ಶನಿವಾರ, ಭಾನುವಾರ ಸೇರಿಸಿದರೆ ಮೂರು ದಿನ ಸಿಗುತ್ತದೆ. ನಮ್ಮ ಮದುವೆಗೆ ಹತ್ತು ವರ್ಷ ತುಂಬುತ್ತದೆ. ದ್ರಾಕ್ಷಿ ತೋಟ, ವೈನ್ ಎರಡೂ ಇರುವ ಕಡೆ ಹೋಗಿ ಬರೋಣ ಅನ್ನೋದು ಯಜಮಾನರ ಆಸೆ. ವಿಜಯಪುರದಿಂದ ನನ್ನ ತಮ್ಮ, ಅವನ ಹೆಂಡತಿ ಬರುತ್ತಾರೆ. ಅತ್ತೆಯವರೂ ಜೊತೆಗಿರುತ್ತಾರೆ. ಅವರು ವೈನ್ ಮುಟ್ಟೋದಿಲ್ಲ. ಅತ್ತೆ ಮತ್ತು ನಾನು ಮಾಂಸ, ಮೀನು ತಿನ್ನೋದಿಲ್ಲ. ಉಳಿದ ಮೂವರು ಎಲ್ಲಾ ತಿನ್ನುತ್ತಾರೆ.

ಎಲ್ಲರೂ ನಾಸಿಕ್ ಅನ್ನುತ್ತಾರೆ. ಆದರೆ ನಮ್ಮಿಂದ ನಾನೂರು ಕಿಲೋಮೀಟರ್ ಹತ್ತಿರ ಆಗುತ್ತದೆ. ಮೂರು ದಿನದಲ್ಲಿ ಎರಡು ದಿನ ಕಾರಿನಲ್ಲೇ ಕಳೆಯಬೇಕಾ? ಇನ್ನೊಂದು ಮಾತು. ನಾನು ಎರಡು ಸಲ ವೈನ್ ಕುಡಿದಿದ್ದೇನೆ. ಎರಡೂ ಸಲ ಬರೀ ಹುಳಿ, ಒಗರು ಅನಿಸಿತು. ಸರಿಯಾಗಿ ತಿಳಿದುಕೊಂಡು ಕುಡಿಯಬೇಕು ಅಂತಿದ್ದೇನೆ. ದಯವಿಟ್ಟು ಹೇಳಿ.

ಗೋದಾವರಿ ದಂಡೆ
ನಾಸಿಕ್‌ಗೇ ಬನ್ನಿ ಅಕ್ಕಾ. ನಾನು ಜತ್ತ ತಾಲೂಕಿನವಳು, ಇಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಗಂಗಾಪುರ ಅಣೆಕಟ್ಟಿನ ಹತ್ತಿರ ಸುಲಾ ವೈನರಿ, ಅಂದರೆ ವೈನ್ ಮಾಡುವ ಜಾಗ, ಇದೆ. 1999ರಲ್ಲಿ ಶುರುವಾದದ್ದು. ರಾಜೀವ್ ಸಾಮಂತ್ ಅವರು ತಾಯಿ ಸುಲಭಾ ಅವರ ಹೆಸರಿನಿಂದಲೇ ಆ ಹೆಸರು ಇಟ್ಟದ್ದು. ಹತ್ತಿರದಲ್ಲೇ ಯಾರ್ಕ್, ಸೋಮಾ ಇವೆ. ಸಂಜೆ ಹೊತ್ತಿಗೆ ಯಾರ್ಕ್‌ನಲ್ಲಿ ಕೂತರೆ ನೀರಿನ ಮೇಲೆ ಬಿಸಿಲು ಇಳಿಯೋದು ಕಾಣುತ್ತದೆ. ಇಗತಪುರಿ ಕಡೆ ಸಂಜೆಗಾವ್‌ನಲ್ಲಿ ವಲೋನ್, ಗ್ರೋವರ್ ಝಂಪಾ ಇವೆ. ವಲೋನ್‌ನಲ್ಲಿ ಊಟವೂ ಇದೆ, ಉಳಿಯೋಕೆ ಕೊಠಡಿಯೂ ಇದೆ. ಅತ್ತೆಯವರಿಗೆ ತ್ರ್ಯಂಬಕೇಶ್ವರ ಇದೆ. ಬೆಳಗ್ಗೆ ಸಾಧನಾ ಹೋಟೆಲ್‌ನಲ್ಲಿ ಒಲೆಯ ಮೇಲೆ ಮಾಡಿದ ಮಿಸಳ್ ತಿನ್ನಿ. ಇಷ್ಟೆಲ್ಲಾ ಒಂದೇ ಊರಲ್ಲಿ ಬೇರೆ ಎಲ್ಲಿ ಸಿಗುತ್ತದೆ?

ಚಡಚಣದ ಡ್ರೈವರ್
26ಕ್ಕೆ ಮಹಾರಾಷ್ಟ್ರದಲ್ಲಿ ಡ್ರೈ ಡೇ. 30ಕ್ಕೂ ಡ್ರೈ ಡೇ. ಇದನ್ನ ಯಾರೂ ಹೇಳಲಿಲ್ಲವಲ್ಲ.

ಸೊಲ್ಲಾಪುರದ ಸೊಸೆ
ಅಯ್ಯೋ! ಇದು ತಲೆಗೇ ಬಂದಿರಲಿಲ್ಲ. ಅಂದರೆ ನಿಜವಾಗಿ ಎರಡೇ ದಿನ. ಅದರಲ್ಲಿ ನಾಸಿಕ್ ತಲುಪುವ ಹೊತ್ತಿಗೆ ಶನಿವಾರ ಮುಗಿದಿರುತ್ತದೆ.

ಪುಣೆ ಅಡುಗೆಮನೆ
ಅಕ್ಕಾ, ನಿಮ್ಮ ಜಿಲ್ಲೆಯಲ್ಲೇ ವೈನ್ ತೋಟ ಇದೆ, ಗೊತ್ತಾ? ಅಕಲೂಜ್ ಹತ್ತಿರ, ಮಾಳಶಿರಸ್ ತಾಲೂಕಿನ ಮೋಟೆವಾಡಿ. ಫ್ರಾಟೆಲ್ಲಿ ವೈನ್ ಬರೋದು ಅಲ್ಲಿಂದ. ಫ್ರಾಟೆಲ್ಲಿ ಅಂದರೆ ಇಟಲಿ ಭಾಷೆಯಲ್ಲಿ ಅಣ್ಣತಮ್ಮಂದಿರು. ಇಟಲಿಯ ಸೆಕ್ಕಿ, ದಿಲ್ಲಿಯ ಸೆಖ್ರಿ, ಅಕಲೂಜಿನ ಮೋಹಿತೆ ಪಾಟೀಲ, ಹೀಗೆ ಮೂರು ಮನೆಯ ಅಣ್ಣತಮ್ಮಂದಿರು ಸೇರಿ ಮಾಡಿದ್ದು. ವೈನ್ ಮಾಡೋದನ್ನ ನೋಡಿಕೊಂಡವರು ಟಸ್ಕನಿಯಿಂದ ಬಂದ ಪಿಯೆರೊ ಮಾಸಿ. ಅದಕ್ಕೇ ಅಲ್ಲಿ ಸಾಂಜೋವೇಸೆ ಅನ್ನೋ ಇಟಲಿಯ ದ್ರಾಕ್ಷಿ ಬೆಳೆಯುತ್ತಾರೆ. ಅವರ ದೊಡ್ಡ ಹೆಸರಿನ ಸೆಟ್ಟೆ ಅನ್ನೋ ಕೆಂಪು ವೈನ್‌ನಲ್ಲಿ ಇರೋದು ಈ ದ್ರಾಕ್ಷಿ ಮತ್ತು ಕ್ಯಾಬರ್ನೆ ಸೋವಿನ್ಯೋನ್.

ಸೊಲ್ಲಾಪುರದಿಂದ ಪಂಢರಪುರದ ಮೇಲೆ ಹೋದರೆ ಎರಡೂವರೆ, ಮೂರು ಗಂಟೆ ಸಾಕು. ಆದರೆ ಸುಲಾ ತರಹ ನೆಟ್ಟಗೆ ಒಳಗೆ ಹೋಗೋಕೆ ಆಗೋದಿಲ್ಲ. ಮೊದಲೇ ಫೋನ್ ಮಾಡಿ ಬುಕ್ ಮಾಡಬೇಕು. ಊಟವನ್ನೂ ಆಗಲೇ ಹೇಳಿಡಿ.

ಗೋದಾವರಿ ದಂಡೆ
ಒಂದೇ ವೈನರಿ ನೋಡೋದಕ್ಕೆ ಪ್ರವಾಸ ಅಂತಾರಾ ಅಣ್ಣಾ? ನಾಸಿಕ್‌ನಲ್ಲಿ ಒಂದು ಹಿಡಿಸದಿದ್ದರೆ ಪಕ್ಕದ್ದಕ್ಕೆ ಹೋಗಬಹುದು. 2010ರಲ್ಲಿ ನಾಸಿಕ್ ಕಣಿವೆಯ ವೈನ್‌ಗೆ ಜಿಐ, ಅಂದರೆ ಆ ಊರಿನದ್ದೇ ಅನ್ನೋ ಸರ್ಕಾರಿ ಗುರುತೂ ಸಿಕ್ಕಿದೆ. ಸುಮ್ನೆ ಸಿಗುತ್ತದಾ? ನಮ್ಮ ದೇಶದಲ್ಲಿ ವೈನ್ ಅಂದರೇನು ಅಂತ ತೋರಿಸಿಕೊಟ್ಟದ್ದೇ ನಾಸಿಕ್.

ಅಕ್ಕಲಕೋಟೆ ಮಾಸ್ತರ
ತಂಗೀ, ಅದೊಂದು ಮಾತು ತಿದ್ದುತ್ತೇನೆ. ನಾಸಿಕ್‌ಗಿಂತ ಮೊದಲು, 1980ರ ದಶಕದಲ್ಲೇ, ಪುಣೆ ಜಿಲ್ಲೆಯ ನಾರಾಯಣಗಾವ್‌ನಲ್ಲಿ ಶಾಟೊ ಇಂಡಾಜ್ ವೈನ್ ಮಾಡುತ್ತಿತ್ತು. ನಮ್ಮ ಕರ್ನಾಟಕದ ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್ ಕಂಪನಿ ಶುರುವಾದದ್ದು 1988ರಲ್ಲಿ. ನಾಸಿಕ್ ಅದನ್ನ ಜನರ ಮನೆಬಾಗಿಲಿಗೆ ತಂದಿತು ಅನ್ನಿ, ಒಪ್ಪುತ್ತೇನೆ.

ಇನ್ನು ಕುಡಿತದ ಬಗ್ಗೆ ಇಲ್ಲಿ ಇಷ್ಟು ಬಹಿರಂಗವಾಗಿ ಬರೆಯಬೇಕಾ ಅಂತ ನನಗೆ ಅನಿಸುತ್ತದೆ. ಮಕ್ಕಳೂ ಓದುತ್ತಾರೆ.

ಮಿರಜಿನವಳು
ಮಾಸ್ತರರೆ, ಗಂಡ ಹೆಂಡತಿ ಒಟ್ಟಿಗೆ ಕೂತು, ಊಟದ ಜೊತೆ ಒಂದು ಗ್ಲಾಸ್ ಕುಡಿಯೋದಕ್ಕೂ, ಬಾರ್‌ನಲ್ಲಿ ಕುಡಿದು ರಸ್ತೆಯಲ್ಲಿ ಬೀಳೋದಕ್ಕೂ ವ್ಯತ್ಯಾಸ ಇಲ್ವಾ? ಆಕೆ ಮುಚ್ಚುಮರೆ ಇಲ್ಲದೆ ಕೇಳಿದ್ದಾಳೆ. ನನಗೆ ಅದು ಇಷ್ಟವಾಯಿತು.

ಅಕ್ಕಲಕೋಟೆ ಮಾಸ್ತರ
ವ್ಯತ್ಯಾಸ ಇದೆ ತಾಯೀ. ನನ್ನ ಮನೆಯಲ್ಲಿ ಒಬ್ಬರನ್ನ ಕುಡಿತಕ್ಕೆ ಕಳೆದುಕೊಂಡಿದ್ದೇನೆ. ಅದಕ್ಕೇ ಆ ಮಾತು ಬಂತು. ನೀವು ಮುಂದುವರಿಸಿ.

ಚಡಚಣದ ಡ್ರೈವರ್
ಮಾಸ್ತರರ ಮಾತಿಗೆ ಒಂದು ಸೇರಿಸುತ್ತೇನೆ. ಐದು ಜನ ಹೋಗುತ್ತೀರಿ. ಕಾರು ಓಡಿಸೋನು ಯಾರು ಅಂತ ಮನೆಯಲ್ಲೇ ತೀರ್ಮಾನ ಮಾಡಿ ಹೊರಡಿ. ಅವನು ಒಂದು ಗುಟುಕೂ ಕುಡಿಯಬಾರದು. "ಬರೀ ರುಚಿ ನೋಡಿದೆ" ಅಂತಾರೆ. ಐದಾರು ವೈನ್ ರುಚಿ ನೋಡಿದರೆ ಅದೇ ಒಂದು ಗ್ಲಾಸ್ ಮೇಲಾಗುತ್ತದೆ. ವೈನ್‌ನಲ್ಲಿ ಶೇಕಡಾ 12ರಿಂದ 14 ಆಲ್ಕೋಹಾಲ್ ಇರುತ್ತದೆ, ಬಿಯರ್‌ಗಿಂತ ಎಷ್ಟೋ ಜಾಸ್ತಿ.

ಉಮದಿ ತೋಟಗಾರ
ನಾನು ದ್ರಾಕ್ಷಿ ಬೆಳೆಯೋನು. ನಾಲ್ಕು ಎಕರೆ ಇದೆ, ಎಲ್ಲಾ ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ ಹೋಗುತ್ತದೆ. ನೀವೆಲ್ಲ ವೈನರಿ, ಹೋಟೆಲ್ ಮಾತಾಡುತ್ತಿದ್ದೀರಿ. ತೋಟದ ಮಾತು ಯಾರೂ ಎತ್ತಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಅಕ್ಕಾ, ನೀವು ಜನವರಿ ಕೊನೆಗೆ ಹೋಗೋದು ಬಹಳ ಒಳ್ಳೆಯದಾಯಿತು. ಯುರೋಪಿನಲ್ಲಿ ದ್ರಾಕ್ಷಿ ಕೊಯ್ಯೋದು ಸೆಪ್ಟೆಂಬರ್ ಹೊತ್ತಿಗೆ. ನಮ್ಮಲ್ಲಿ ಆಗ ಮಳೆ. ನಮ್ಮ ಬಳ್ಳಿಗೆ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್ ಚಾಟ್ನಿಯಲ್ಲಿ ಕಡ್ಡಿ ತಯಾರಾಗುತ್ತದೆ. ಮಳೆ ಹಿಂದೆ ಸರಿದ ಮೇಲೆ ಅಕ್ಟೋಬರ್ ಚಾಟ್ನಿ, ಆಮೇಲೆ ಹೂವು, ಕಾಯಿ. ಅದಕ್ಕೇ ವೈನ್ ದ್ರಾಕ್ಷಿ ಕೊಯ್ಯೋದು ಜನವರಿಯಿಂದ ಮಾರ್ಚ್ ಒಳಗೆ. ನೀವು ಹೋದಾಗ ಕಾಯಿ ಬಳ್ಳಿಯ ಮೇಲೇ ಇರುತ್ತದೆ. ಮೇ ತಿಂಗಳಲ್ಲಿ ಹೋದವರು ಬರೀ ಎಲೆ ನೋಡಿ ಬರುತ್ತಾರೆ.

ಅಲ್ಲಿ ಒಂದು ಕಾಯಿ ಕೇಳಿ ಬಾಯಿಗೆ ಹಾಕಿಕೊಳ್ಳಿ. ನಾವು ಪೇಟೆಗೆ ಕಳಿಸುವ ಸೋನಾಕಾ, ಥಾಮ್ಸನ್ ಬೇರೆ. ಅದಕ್ಕೆ ಜಿಎ ಅನ್ನೋ ಬೆಳವಣಿಗೆ ಹಾರ್ಮೋನಿನ ದ್ರಾವಣದಲ್ಲಿ ಗೊನೆ ಅದ್ದಿ ಕಾಯಿ ಉದ್ದ, ದಪ್ಪ ಮಾಡುತ್ತೇವೆ. ಬೀಜ ಇಲ್ಲ, ಸಿಪ್ಪೆ ತೆಳು. ವೈನ್ ದ್ರಾಕ್ಷಿ ಸಣ್ಣದು, ಬೀಜ ಇರುತ್ತದೆ, ಸಿಪ್ಪೆ ದಪ್ಪ. ತಿನ್ನೋಕೆ ಚೆಂದ ಅಲ್ಲ, ಆದರೆ ಸಿಹಿ ಕಡಿಮೆ ಏನಲ್ಲ. ನಿಮಗೆ ಒಗರು ಅನಿಸಿತಲ್ಲ, ಅದು ಆ ಸಿಪ್ಪೆ, ಬೀಜದ್ದು.

ಮಿರಜಿನವಳು
ಏಪ್ರಿಲ್ ಚಾಟ್ನಿ ಅಂದರೆ ತಿನ್ನೋ ಚಟ್ನಿನಾ ಅಂದುಕೊಂಡೆ ಕಾಕಾ!

ಉಮದಿ ತೋಟಗಾರ
ಇಲ್ಲವ್ವ, ಕತ್ತರಿಯಿಂದ ಕಡ್ಡಿ ಸವರೋದು. ಮರಾಠಿಯ ಛಾಟಣಿ ನಮ್ಮ ಬಾಯಲ್ಲಿ ಚಾಟ್ನಿ ಆಗಿದೆ. ಇಂಡಿ, ತಿಕೋಟಾ ಕಡೆಯೂ ಹಾಗೇ ಅನ್ನುತ್ತಾರೆ.

ಪುಣೆ ಅಡುಗೆಮನೆ
ಕಾಕಾ ಹೇಳಿದ್ದನ್ನೇ ಮುಂದುವರಿಸುತ್ತೇನೆ. ನಾನು ಹದಿನೈದು ವರ್ಷದಿಂದ ಹೋಟೆಲ್ ಅಡುಗೆಮನೆಯಲ್ಲಿ ಇದ್ದೇನೆ. ಬಿಳಿ ವೈನ್‌ಗೆ ಕಾಯಿ ಹಿಂಡಿ ರಸ ಮಾತ್ರ ಹುಳಿ ಬರಿಸುತ್ತಾರೆ. ಕೆಂಪು ವೈನ್‌ಗೆ ಸಿಪ್ಪೆ, ಬೀಜ ಸಮೇತ ಹುಳಿ ಬರಿಸುತ್ತಾರೆ. ಅಲ್ಲಿಂದಲೇ ಬಣ್ಣ, ಅಲ್ಲಿಂದಲೇ ಒಗರು. ಈಗ ನಮ್ಮ ಕಡೆಯ ಊಟ ನೆನಪಿಸಿಕೊಳ್ಳಿ. ಖಾರ ಜಾಸ್ತಿ. ಖಾರದ ಮೇಲೆ ಒಗರು ಬಿದ್ದರೆ ಬಾಯಿ ಇನ್ನೂ ಉರಿಯುತ್ತದೆ. ಜನ ಮಟನ್ ರಸ್ಸಾ ಜೊತೆ ಗಟ್ಟಿ ಕೆಂಪು ವೈನ್ ಕುಡಿದು, "ವೈನ್ ನಮಗಲ್ಲ" ಅಂತ ಎದ್ದು ಹೋಗುತ್ತಾರೆ. ತಪ್ಪು ವೈನ್‌ದಲ್ಲ, ಜೋಡಿಯದ್ದು.

ನನ್ನ ಮಾತು ಕೇಳಿ. ಶೇಂಗಾ ಹಿಂಡಿ, ಖಡಕ್ ರೊಟ್ಟಿ, ಎಣ್ಣೆಗಾಯಿ ಇದ್ದರೆ ಸ್ವಲ್ಪ ಸಿಹಿ ಉಳಿದಿರುವ ಶೆನಿನ್ ಬ್ಲಾಂಕ್ ಅನ್ನೋ ಬಿಳಿ ವೈನ್ ತೆಗೆದುಕೊಳ್ಳಿ, ಚೆನ್ನಾಗಿ ತಣ್ಣಗಿರಲಿ. ಆ ಸಿಹಿ ಖಾರವನ್ನು ಹಿಡಿದು ನಿಲ್ಲಿಸುತ್ತದೆ. ಮೀನಿಗೆ ಸೋವಿನ್ಯೋನ್ ಬ್ಲಾಂಕ್, ಅದೂ ಬಿಳಿ ವೈನೇ. ಮಿರ್ಚಿ ಭಜಿಗೆ ನೊರೆ ಬರುವ ಸ್ಪಾರ್ಕ್ಲಿಂಗ್ ವೈನ್, ಅದು ನಾಲಿಗೆ ಮೇಲಿನ ಎಣ್ಣೆ ತೊಳೆಯುತ್ತದೆ. ಕೆಂಪು ಬೇಕೇ ಬೇಕು ಅಂದರೆ ಖಾರ ಕಡಿಮೆ ಮಾಡಿಸಿದ ಸುಟ್ಟ ಮಾಂಸಕ್ಕೆ ಶಿರಾಜ್. ಶೇಂಗಾ ಹೋಳಿಗೆಗೆ ಲೇಟ್ ಹಾರ್ವೆಸ್ಟ್ ಅನ್ನೋ ಸಿಹಿ ವೈನ್ ಸಣ್ಣ ಗ್ಲಾಸ್. ಹೋಳಿಗೆಗಿಂತ ವೈನ್ ಸಿಹಿ ಇರಬೇಕು, ಇಲ್ಲದಿದ್ದರೆ ವೈನ್ ಹುಳಿ ಅನಿಸುತ್ತದೆ.

ಇನ್ನೊಂದು. ಕೆಂಪು ವೈನ್ ಮನೆಯ ಶಾಖದಲ್ಲೇ ಕುಡಿಯಬೇಕು ಅಂತ ಪುಸ್ತಕದಲ್ಲಿ ಇರುತ್ತದೆ. ಅದು ಅವರ ಮನೆಯ ಶಾಖ, 16ರಿಂದ 18 ಡಿಗ್ರಿ. ಸೊಲ್ಲಾಪುರದ ಮನೆಯದ್ದಲ್ಲ! ಕುಡಿಯುವ ಮೊದಲು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಸೊಲ್ಲಾಪುರದ ಸೊಸೆ
ಅಣ್ಣಾ, ಇದನ್ನ ಬರೆದಿಟ್ಟುಕೊಂಡೆ. ಎರಡು ಸಲವೂ ನಾವು ಕುಡಿದದ್ದು ಕೆಂಪು ವೈನೇ, ಅದೂ ಖಾರದ ಊಟದ ಜೊತೆ. ಹಾಗಾದರೆ ಅಕಲೂಜ್ ಕಡೆ ಹೋದರೆ ಒಂದು ಮಧ್ಯಾಹ್ನ, ಒಂದು ರಾತ್ರಿ. ಭಾನುವಾರ ಏನು ಮಾಡೋದು?

ಭೀಮಾ ತೀರ
ಭಾನುವಾರ ಭಿಗವಣ! ಅಕಲೂಜಿನಿಂದ ಇಂದಾಪುರದ ಮೇಲೆ ಬನ್ನಿ. ಉಜನಿ ಅಣೆಕಟ್ಟಿನ ಹಿನ್ನೀರು ಅಲ್ಲಿ ಸಮುದ್ರದ ಹಾಗೆ ಹರಡಿದೆ. ಚಳಿಗಾಲದಲ್ಲಿ ಫ್ಲೆಮಿಂಗೊ ಹಕ್ಕಿಗಳು ಬಂದಿರುತ್ತವೆ. ಕುಂಭಾರಗಾವ್‌ಗೆ ಹೋಗಿ. ಬೆಳಕು ಹರಿಯೋ ಮೊದಲೇ ದೋಣಿ ಹತ್ತಿದರೆ ಅತ್ತೆಯವರಿಗೂ ಜೀವನಪೂರ್ತಿ ನೆನಪಿರುತ್ತದೆ. ದೋಣಿಯವರ ಮನೆಗಳಲ್ಲೇ ಊಟ ಸಿಗುತ್ತದೆ. ಹೇಳಿದರೆ ಶಾಕಾಹಾರಿ ಪಿಠಲ ಭಾಕ್ರಿಯೂ ಮಾಡಿಕೊಡುತ್ತಾರೆ. ಮೀನಿನವರಿಗೆ ಚಿಲಾಪಿ ಫ್ರೈ. ಬೆಳಗ್ಗೆ ಹಿಡಿದದ್ದು ಮಧ್ಯಾಹ್ನ ತಾಟಿಗೆ ಬರುತ್ತದೆ.

ಗೋದಾವರಿ ದಂಡೆ
ಹಕ್ಕಿ, ಮೀನು, ಭಾಕ್ರಿ ಎಲ್ಲಾ ಸರಿ. ಆದರೆ ವಿಷಯ ವೈನ್ ಅಲ್ವಾ?

ಭೀಮಾ ತೀರ
ಪ್ರವಾಸದಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ವೈನೇ ಕುಡಿಯುತ್ತಾರಾ ಅಕ್ಕಾ? ಅದು ಬೆಳೆಯುವ ನೀರು, ಮಣ್ಣು, ಅಲ್ಲಿನ ಅಡುಗೆ ಎಲ್ಲಾ ಸೇರಿದರೇ ತೋಟದ ಪ್ರವಾಸ. ಇನ್ನೂ ವೈನರಿ ಬೇಕು ಅಂದರೆ ಭಿಗವಣದಿಂದ ಪುಣೆ ಕಡೆ ಹೋಗಿ ಪಾಟಸ್‌ನಲ್ಲಿ ಬಾರಾಮತಿ ರಸ್ತೆಗೆ ತಿರುಗಿ. ರೋಟಿ ಅನ್ನೋ ಊರಿನ ಗುಡ್ಡದ ಹತ್ತಿರ ಫೋರ್ ಸೀಸನ್ಸ್ ವೈನರಿ ಇದೆ. ಫ್ರಾನ್ಸಿನ ಹಳೆಯ ಬಂಗಲೆ ತರಹ ಕಟ್ಟಿದ್ದಾರೆ.

ಮಿರಜಿನವಳು
ನಾಸಿಕ್ ಬಗ್ಗೆ ನನ್ನ ಅನುಭವ ಹೇಳಲೇಬೇಕು. ಮೂರು ವರ್ಷದ ಹಿಂದೆ ಇದೇ ಜನವರಿ ರಜೆಯಲ್ಲಿ ಹೋಗಿದ್ದೆವು. ಹೆಸರು ಹೇಳೋದಿಲ್ಲ, ಒಂದು ದೊಡ್ಡ ಜಾಗ. ಟೇಬಲ್ ಸಿಗೋಕೆ ಎರಡು ಗಂಟೆ ನಿಂತೆವು. ವೈನ್ ಸುರಿಯುವ ಹುಡುಗ ಐದು ವೈನ್ ಐದೇ ನಿಮಿಷದಲ್ಲಿ ಮುಗಿಸಿದ. ಯಾವುದು ಏನು ಅಂತ ಕೇಳೋಕೂ ಆಗಲಿಲ್ಲ. ಬಂದ ಊಟ ತಣ್ಣಗಿತ್ತು. ನನ್ನ ಅಪ್ಪನ ಕಣ್ಣಲ್ಲಿ ನೀರು ಬಂತು, "ಇದಕ್ಕೆ ಇಷ್ಟು ದೂರ ಬಂದೆವಾ" ಅಂದರು.

ಗೋದಾವರಿ ದಂಡೆ
ನಿಮ್ಮ ಅಪ್ಪನವರ ಮಾತು ಓದಿ ಬೇಜಾರಾಯಿತು. ರಜೆ ದಿನ ಇಲ್ಲಿ ಹಾಗೆ ಆಗೋದು ನಿಜ. ಮುಂಬೈ, ಪುಣೆಯ ಜನ ಒಂದೇ ಸಲ ಬರುತ್ತಾರೆ. ನಾವು ಇಲ್ಲಿನವರು ಶನಿವಾರ, ಭಾನುವಾರ ಆ ಕಡೆ ಹೋಗೋದೇ ಇಲ್ಲ. ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಹೋದರೆ ಕೂರಿಸಿ ಒಂದೊಂದನ್ನೇ ಹೇಳಿಕೊಡುತ್ತಾರೆ. ಅಕ್ಕಾ, ಈ ಸಲ ನೀವು ಅಕಲೂಜ್ ಕಡೆಯೇ ಹೋಗಿ. ಮುಂದೆ ಯಾವಾಗಾದರೂ ನಾಲ್ಕು ದಿನ ರಜೆ ಹಾಕಿ ವಾರದ ನಡುವೆ ನಾಸಿಕ್‌ಗೆ ಬನ್ನಿ. ನಾನೇ ಕರೆದುಕೊಂಡು ಹೋಗುತ್ತೇನೆ.

ಅಕ್ಕಲಕೋಟೆ ಮಾಸ್ತರ
ಹೋಗುವ ದಾರಿಯಲ್ಲಿ ಮಂಗಳವೇಢೆಯಲ್ಲಿ ಅರ್ಧ ಗಂಟೆ ಇಳಿಯಿರಿ. ಬಸವಣ್ಣನವರು ಕರಣಿಕರಾಗಿದ್ದ ಊರು. ಅಲ್ಲಿನ ಮಾಲದಂಡಿ ಜೋಳಕ್ಕೆ ಜಿಐ ಗುರುತು ಇದೆ. ಆ ಕಪ್ಪು ಮಣ್ಣು ಹಿಂಗಾರಿನಲ್ಲಿ ಬರೀ ಇಬ್ಬನಿ, ಉಳಿದ ತೇವದ ಮೇಲೆ ಜೋಳ ಬೆಳೆಯುತ್ತದೆ. ಐದು ಕಿಲೋ ಹಿಟ್ಟು ಮಾಡಿಸಿಕೊಳ್ಳಿ. ಆ ಹಿಟ್ಟಿನ ರೊಟ್ಟಿ ಮುಂದೆ ಬೇರೆ ರೊಟ್ಟಿ ಇಲ್ಲ.

ಉಮದಿ ತೋಟಗಾರ
ಮಾಸ್ತರರೆ, ಜನವರಿ ಅಂದರೆ ಸೀತನಿ ಕಾಲವೂ ಹೌದು! ಹಸಿ ಜೋಳದ ತೆನೆ ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಶೇಂಗಾ ಹಿಂಡಿ, ಬೆಲ್ಲ, ಮೊಸರಿನ ಜೊತೆ. ಮರಾಠಿಯವರು ಹುರಡಾ ಪಾರ್ಟಿ ಅಂತ ದುಡ್ಡು ತೆಗೆದುಕೊಂಡು ತಿನ್ನಿಸುತ್ತಾರೆ. ಅಕ್ಕಾ, ನಿಮ್ಮ ತಮ್ಮ ವಿಜಯಪುರಕ್ಕೆ ವಾಪಸ್ ಹೋಗುವಾಗ ಮಂಗಳವೇಢೆಯಿಂದ ಉಮದಿ ಮೇಲೆ ಹೋಗಬಹುದು. ಸೋಮವಾರ ಎಲ್ಲರೂ ನಮ್ಮ ತೋಟಕ್ಕೆ ಬನ್ನಿ. ಹೇಗಿದ್ದರೂ ಡ್ರೈ ಡೇ. ದುಡ್ಡಿನ ಮಾತು ಬೇಡ.

ಪುಣೆ ಅಡುಗೆಮನೆ
ಸೀತನಿ, ಶೆನಿನ್ ಬ್ಲಾಂಕ್ ಒಟ್ಟಿಗೆ ಇದ್ದಿದ್ದರೆ! ಸೋಮವಾರ ಅನ್ನೋದೊಂದೇ ಬೇಜಾರು.

ಚಡಚಣದ ಡ್ರೈವರ್
ತಮ್ಮನವರಿಗೆ ಹೇಳಿ, ವಿಜಯಪುರಕ್ಕೆ ಬಾಟಲಿ ತುಂಬಿಕೊಂಡು ಹೋಗೋದು ಬೇಡ. ಬೇರೆ ರಾಜ್ಯದ ಮದ್ಯ ಒಯ್ಯೋದಕ್ಕೆ ಅಬಕಾರಿ ನಿಯಮ ಇದೆ. ಗಡಿಯಲ್ಲಿ ತಪಾಸಣೆ ಮಾಡುತ್ತಾರೆ. ಸೊಲ್ಲಾಪುರಕ್ಕೆ ತರುವವರೂ ಬಿಲ್ ಜೊತೆಗಿಟ್ಟುಕೊಳ್ಳಿ, ಬಾಟಲಿ ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ.

ಸೊಲ್ಲಾಪುರದ ಸೊಸೆ
(ಜನವರಿ 28) ಹೋಗಿ ಬಂದೆವು! ಎಲ್ಲರಿಗೂ ಹೇಳಲೇಬೇಕು.

ಶನಿವಾರ ಬೆಳಗ್ಗೆ ಆರಕ್ಕೆ ಹೊರಟು ಪಂಢರಪುರದಲ್ಲಿ ದರ್ಶನ ಮುಗಿಸಿದೆವು. ಸಾಲು ಉದ್ದ ಇತ್ತು. ಅದಕ್ಕೆ ಮೋಟೆವಾಡಿಗೆ ತಲುಪೋದು ಒಂದು ಗಂಟೆ ತಡವಾಯಿತು. ಫೋನ್ ಮಾಡಿ ತಿಳಿಸಿದ್ದರಿಂದ ಕಾಯ್ದರು. ಸಾಲು ಸಾಲು ಬಳ್ಳಿ, ಸುತ್ತಲೂ ಒಣ ಗುಡ್ಡ. ಹುಳಿ ಬರಿಸುವ ದೊಡ್ಡ ಸ್ಟೀಲ್ ಟ್ಯಾಂಕ್ ಕೈಯಿಂದ ಮುಟ್ಟಿ ನೋಡಿದೆವು, ಮಂಜಿನಷ್ಟು ತಣ್ಣಗಿತ್ತು. ಉಮದಿ ಕಾಕಾ ಹೇಳಿದ ಹಾಗೆ ಒಂದು ಕಾಯಿ ಕೇಳಿ ತಿಂದೆ. ಸಿಪ್ಪೆ ಅಗಿದಾಗ ಬಾಯೆಲ್ಲಾ ಒಗರು, ಹಿಂದೆಯೇ ಸಿಹಿ. ಅದೇ ಕ್ಷಣ ನನಗೆ ಕೆಂಪು ವೈನ್ ಅರ್ಥ ಆಯಿತು.

ರುಚಿ ನೋಡೋದಕ್ಕೆ ನಾನು ಡಬ್ಬಿಯಲ್ಲಿ ಶೇಂಗಾ ಹಿಂಡಿ ಒಯ್ದಿದ್ದೆ. ಅಲ್ಲಿನವರನ್ನ ಕೇಳಿಯೇ ತೆಗೆದೆ. ತಣ್ಣಗಿನ ಶೆನಿನ್ ಒಂದು ಗುಟುಕು, ಒಂದು ಚಿಟಿಕೆ ಹಿಂಡಿ, ಮತ್ತೆ ಒಂದು ಗುಟುಕು. ಪುಣೆ ಅಣ್ಣಾ, ನೀವು ಹೇಳಿದ್ದು ಅಕ್ಷರಶಃ ನಿಜ. ಆಮೇಲೆ ಬೇಕಂತಲೇ ಸಾಂಜೋವೇಸೆ ಜೊತೆ ಅದೇ ಹಿಂಡಿ ತಿಂದೆ. ಬಾಯಿ ಉರಿಯಿತು! ಹಿಂಡಿ ಬಿಟ್ಟು ಬರೀ ಚೀಸ್ ಜೊತೆ ಕುಡಿದಾಗ ಅದೇ ವೈನ್ ಮೆತ್ತಗೆ ಇಳಿಯಿತು. ಕಾರು ಓಡಿಸಿದ್ದು ತಮ್ಮ, ಅವನು ರಾತ್ರಿ ಕೊಠಡಿಗೆ ಬಂದ ಮೇಲೆಯೇ ಒಂದು ಗ್ಲಾಸ್ ಕುಡಿದ.

ಭಾನುವಾರ ನಾಲ್ಕಕ್ಕೆ ಎದ್ದು ಹೊರಟು ಕುಂಭಾರಗಾವ್ ಸೇರಿದೆವು. ದೋಣಿಯಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು. ಹಕ್ಕಿಗಳು ಒಟ್ಟಿಗೆ ಎದ್ದಾಗ ರೆಕ್ಕೆಯ ಒಳಗಿನ ಗುಲಾಬಿ ಬಣ್ಣ ಕಾಣಿಸಿತು. ಊಟ ಮನೆಯ ಊಟವೇ. ಚಿಲಾಪಿ ಬಗ್ಗೆ ತಮ್ಮನ ಹೆಂಡತಿ ಇನ್ನೂ ಮಾತಾಡುತ್ತಿದ್ದಾಳೆ.

ಸೋಮವಾರ ಉಮದಿ. ಕಾಕಾ, ಕಾಕೂ, ನಿಮ್ಮಿಬ್ಬರಿಗೂ ಹೇಗೆ ಹೇಳಲಿ. ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಮಣೂಕ ಅಂತ ನೀವು ಶೆಡ್‌ನಲ್ಲಿ ಹೇಳಿದಾಗ ನಮ್ಮ ಯಜಮಾನರು ಸುಮ್ಮನಾಗಿಬಿಟ್ಟರು. ಅದು ಒಣಗುವ ಹದಿನೈದು ದಿನದಲ್ಲಿ ಅಕಾಲ ಮಳೆ ಬಂದರೆ ಏನು ಅಂತ ಅವರೇ ದಾರಿಯಲ್ಲಿ ಕೇಳಿದರು.

ಗೋದಾವರಿ ದಂಡೆ
ಓದಿ ಖುಷಿಯಾಯಿತು ಅಕ್ಕಾ. ಹಿಂಡಿ ಡಬ್ಬಿ ಒಯ್ಯೋದು ನನಗೇ ಇಷ್ಟು ವರ್ಷದಲ್ಲಿ ಹೊಳೆದಿರಲಿಲ್ಲ. ಇಲ್ಲಿಗೆ ಬರುವಾಗಲೂ ತನ್ನಿ.

ಅಕ್ಕಲಕೋಟೆ ಮಾಸ್ತರ
ಜೋಳದ ಹಿಟ್ಟು ತಂದಿರಾ?

ಸೊಲ್ಲಾಪುರದ ಸೊಸೆ
ತಂದೆವು ಮಾಸ್ತರರೆ, ಹತ್ತು ಕಿಲೋ. ನಿಮ್ಮ ಹೆಸರು ಹೇಳಿಕೊಂಡೇ ರೊಟ್ಟಿ ಬಡಿದೆ. ಕಾಕಾ, ಅತ್ತೆ ಕೇಳುತ್ತಿದ್ದಾರೆ, ಹೊಸ ಮಣೂಕ ಯಾವಾಗ ಸಿಗುತ್ತದೆ?

ಉಮದಿ ತೋಟಗಾರ
ಈಗ ಕಾಯಿಗೆ ಸಿಹಿ ಏರುತ್ತಿದೆ. ಫೆಬ್ರವರಿ ಕೊನೆಗೆ ಕೊಯ್ಲು, ಮಾರ್ಚ್ ನಡುವೆ ಮಣೂಕ ಇಳಿಯುತ್ತದೆ. ಮೋಡ ಆಗದಿರಲಿ. ಅತ್ತೆಯವರಿಗೆ ಎರಡು ಕಿಲೋ ತೆಗೆದಿಟ್ಟಿರುತ್ತೇನೆ. ಬಂದು ಒಯ್ಯಿರಿ.